ಹರಮಿನ ಬಿಸಿಲು ಮತ್ತು ನಮ್ಮ ಉಡುಪು

ಹಜ್ಜ್ ಅಥವಾ ಉಮ್ರಾಕ್ಕೆ ಹೊರಡುವ ಮನೆಯಲ್ಲಿ ತಿಂಗಳ ಮೊದಲೇ ತಯಾರಿ ಶುರುವಾಗುತ್ತದೆ. ದುಆಗಳ ಪುಸ್ತಕ ಬರುತ್ತದೆ, ಉಪ್ಪಿನಕಾಯಿಯ ಡಬ್ಬಿ ತುಂಬುತ್ತದೆ, ನೆಂಟರಿಷ್ಟರು ಸಲಾಮ್ ತಲುಪಿಸಲು ಹೇಳಿ ಹೋಗುತ್ತಾರೆ. ಉಡುಪಿನ ವಿಷಯ ಮಾತ್ರ ಕೊನೆಯ ವಾರಕ್ಕೆ ಉಳಿದು ಬಿಡುತ್ತದೆ. ಪೇಟೆಗೆ ಹೋಗಿ ಗಂಡಸಿಗೆ ಒಂದು ಜೊತೆ ಇಹ್ರಾಮ್ ಬಟ್ಟೆ, ಹೆಂಗಸಿಗೆ ಒಂದು ಹೊಸ ಬುರ್ಖಾ ತಂದರೆ ಕೆಲಸ ಮುಗಿಯಿತು ಎಂಬುದು ನಮ್ಮ ಲೆಕ್ಕಾಚಾರ. ಆದರೆ ಮಕ್ಕಾದ ಬಿಸಿಲಿನಲ್ಲಿ ಉಡುಪು ಎಂಬುದು ಆರಾಧನೆಯ ವಿಷಯ ಮಾತ್ರವಲ್ಲ, ಪ್ರಾಣದ ವಿಷಯವೂ ಆಗಿದೆ.

2024ರ ಹಜ್ಜ್ ನಿಮಗೆ ನೆನಪಿರಬಹುದು. ಆ ಜೂನ್ ತಿಂಗಳಲ್ಲಿ ಮಸ್ಜಿದುಲ್ ಹರಾಮಿನ ಬಳಿ ಉಷ್ಣತೆ 51.8 ಡಿಗ್ರಿ ಸೆಲ್ಸಿಯಸ್‌ಗೆ ಏರಿತ್ತು. 1,301 ಮಂದಿ ಮರಣ ಹೊಂದಿದರೆಂದು ಸೌದಿ ಸರಕಾರವೇ ತಿಳಿಸಿತು. ಅವರಲ್ಲಿ ಐದರಲ್ಲಿ ನಾಲ್ಕಕ್ಕೂ ಹೆಚ್ಚು ಪಾಲು ಜನರು ಅಧಿಕೃತ ಪರವಾನಿಗೆ ಇಲ್ಲದೆ ಬಂದವರು. ನೆರಳೂ ಡೇರೆಯೂ ಇಲ್ಲದೆ ನೇರ ಬಿಸಿಲಿನಲ್ಲಿ ದೂರ ದೂರ ನಡೆದವರು. ಹಿಜರಿ ವರ್ಷವು ಸೌರ ವರ್ಷಕ್ಕಿಂತ ಸುಮಾರು 11 ದಿನ ಚಿಕ್ಕದಾದ್ದರಿಂದ ಹಜ್ಜ್ ಕಾಲವು ಜೂನ್‌ನಿಂದ ಮೇಗೆ, ಆಮೇಲೆ ವಸಂತಕ್ಕೆ, ಅಲ್ಲಿಂದ ಚಳಿಗಾಲಕ್ಕೆ ಸರಿಯುತ್ತಾ ಹೋಗುತ್ತದೆ. ಹಾಗೆಂದು ನಾವು ನಿಶ್ಚಿಂತರಾಗುವಂತಿಲ್ಲ. ನಮ್ಮ ಅನೇಕ ಕುಟುಂಬಗಳು ಮಕ್ಕಳ ರಜೆ ನೋಡಿಕೊಂಡು ಸೆಕೆಯ ತಿಂಗಳುಗಳಲ್ಲೇ ಉಮ್ರಾಕ್ಕೆ ಹೋಗುತ್ತವೆ. ಮೇ ತಿಂಗಳಲ್ಲಿ ಮಕ್ಕಾ 40 ಡಿಗ್ರಿ ದಾಟುವುದು ಸಾಮಾನ್ಯ ಸಂಗತಿ.

ಇಲ್ಲಿ ಮೊದಲು ಒಂದು ತಪ್ಪು ಕಲ್ಪನೆಯನ್ನು ತೆಗೆದು ಹಾಕಬೇಕು. 'ಕಷ್ಟ ಪಟ್ಟಷ್ಟೂ ಪ್ರತಿಫಲ ಹೆಚ್ಚು, ಹಾಗಾಗಿ ಬಿಸಿಲನ್ನು ತಪ್ಪಿಸಿಕೊಳ್ಳಬಾರದು' ಎಂದು ನಂಬಿರುವವರು ನಮ್ಮಲ್ಲಿದ್ದಾರೆ. ಹಜ್ಜ್ ತರಗತಿಗಳಲ್ಲಿ "ಉಸ್ತಾದರೇ, ಕೊಡೆ ಹಿಡಿದರೆ ಹಜ್ಜ್‌ನ ಕೂಲಿ ಕಮ್ಮಿಯಾಗುತ್ತದೆಯೇ?" ಎಂದು ಹಿರಿಯರು ಪ್ರಾಮಾಣಿಕವಾಗಿಯೇ ಕೇಳುತ್ತಾರೆ. ಅವರಿಗೆ ನಾನು ಅಬೂ ಇಸ್ರಾಈಲ್ ಎಂಬವರ ಘಟನೆಯನ್ನು ಹೇಳುತ್ತೇನೆ. ಪ್ರವಾದಿ(ಸ)ರು ಪ್ರವಚನ ನೀಡುತ್ತಿದ್ದಾಗ ಒಬ್ಬ ವ್ಯಕ್ತಿ ಬಿಸಿಲಿನಲ್ಲಿ ನಿಂತೇ ಇದ್ದರು. ವಿಚಾರಿಸಿದಾಗ, ಕುಳಿತುಕೊಳ್ಳುವುದಿಲ್ಲ, ನೆರಳಿಗೆ ಹೋಗುವುದಿಲ್ಲ, ಮಾತನಾಡುವುದಿಲ್ಲ, ಉಪವಾಸವಿರುತ್ತೇನೆ ಎಂದು ಅವರು ಹರಕೆ ಹೊತ್ತಿದ್ದಾರೆಂದು ತಿಳಿಯಿತು. ಪ್ರವಾದಿ(ಸ)ರು ಅವರ ಉಪವಾಸವನ್ನು ಮಾತ್ರ ಉಳಿಸಿ, ಉಳಿದ ಮೂರನ್ನೂ ಬಿಡಲು ಆಜ್ಞಾಪಿಸಿದರು. ಉಕ್ಬಾ ಬಿನ್ ಆಮಿರ್(ರ)ರ ಸಹೋದರಿಯು ಕಅಬಾದವರೆಗೆ ನಡೆದೇ ಹೋಗುವ ಹರಕೆ ಹೊತ್ತಾಗಲೂ, ನಡೆಯಲಿ, ವಾಹನವನ್ನೂ ಏರಲಿ ಎಂದೇ ಅಪ್ಪಣೆಯಾಯಿತು. ಈ ಎರಡು ಘಟನೆಗಳನ್ನೂ ಇಮಾಮ್ ಬುಖಾರಿ ವರದಿ ಮಾಡಿದ್ದಾರೆ. ಆರಾಧನೆಯಲ್ಲಿ ತಾನಾಗಿ ಬರುವ ಕಷ್ಟವನ್ನು ಸಹಿಸುವುದು ಬೇರೆ, ಕಷ್ಟವನ್ನು ಹುಡುಕಿಕೊಂಡು ಹೋಗುವುದು ಬೇರೆ.

ಪವಿತ್ರ ಕುರ್‌ಆನ್ ಉಡುಪಿನ ಬಗ್ಗೆ ಮಾತನಾಡುವಾಗ ಮೂರು ಉದ್ದೇಶಗಳನ್ನು ನಮ್ಮ ಮುಂದಿಡುತ್ತದೆ. ಅಅ್‌ರಾಫ್ ಅಧ್ಯಾಯದ 26ನೇ ಸೂಕ್ತದಲ್ಲಿ ಮಾನ ಮುಚ್ಚುವುದು ಮತ್ತು ಅಲಂಕಾರ ಬರುತ್ತದೆ, ಜೊತೆಗೆ ತಕ್ವಾದ ಉಡುಪೇ ಉತ್ತಮವೆಂಬ ಬೋಧನೆಯಿದೆ. ನಹ್ಲ್ ಅಧ್ಯಾಯದ 81ನೇ ಸೂಕ್ತದಲ್ಲಿ ಅಲ್ಲಾಹನು ತನ್ನ ಅನುಗ್ರಹಗಳನ್ನು ಎಣಿಸುತ್ತಾ ನೆರಳನ್ನೂ, ಸೆಕೆಯಿಂದ ಕಾಪಾಡುವ ಬಟ್ಟೆಗಳನ್ನೂ ಒಟ್ಟಿಗೆ ಹೆಸರಿಸುತ್ತಾನೆ. ಮರುಭೂಮಿಯ ಜನರೊಡನೆ ಮಾತನಾಡುವಾಗ ಬಟ್ಟೆಯನ್ನು ಬಿಸಿಲಿನ ಕಾವಲುಗಾರನೆಂದು ಕುರ್‌ಆನ್ ಪರಿಚಯಿಸಿದ್ದನ್ನು ಗಮನಿಸಿರಿ. ಸೆಕೆಯಾದರೆ ಬಟ್ಟೆ ಕಡಿಮೆ ಮಾಡಬೇಕು ಎಂಬುದು ಈಗಿನವರ ತರ್ಕ. ಮೈ ಮುಚ್ಚುವುದೇ ಬಿಸಿಲಿಗೆ ಮದ್ದು ಎಂಬುದು ಅರಬರ ಅನುಭವ.

ಈ ಅನುಭವವನ್ನು ವಿಜ್ಞಾನಿಗಳು ಪರೀಕ್ಷಿಸಿಯೂ ನೋಡಿದ್ದಾರೆ. ಬಿಸಿ ಮರುಭೂಮಿಯಲ್ಲಿ ಬದವೀ ಜನರು ಕಪ್ಪು ನಿಲುವಂಗಿಯನ್ನೇಕೆ ಧರಿಸುತ್ತಾರೆ ಎಂಬ ಪ್ರಶ್ನೆಗೆ 1980ರಲ್ಲಿ 'ನೇಚರ್' ವಿಜ್ಞಾನ ಪತ್ರಿಕೆಯಲ್ಲಿ ಉತ್ತರ ಪ್ರಕಟವಾಯಿತು. ಕಪ್ಪು ಬಟ್ಟೆ ಬಿಳಿ ಬಟ್ಟೆಗಿಂತ ಹೆಚ್ಚು ಕಾಯುವುದು ನಿಜ. ಆದರೆ ನಿಲುವಂಗಿ ಸಡಿಲವಾಗಿದ್ದರೆ ಒಳಗೆ ಗಾಳಿ ಆಡುತ್ತದೆ, ಆ ಹೆಚ್ಚುವರಿ ಶಾಖ ಚರ್ಮಕ್ಕೆ ತಲುಪುವ ಮೊದಲೇ ಗಾಳಿಯೊಂದಿಗೆ ಹೊರಟು ಹೋಗುತ್ತದೆ. ಕೊನೆಗೆ ಮೈಗೆ ತಗಲಿದ ಶಾಖ ಎರಡರಲ್ಲೂ ಒಂದೇ ಆಗಿತ್ತು. ಆದುದರಿಂದ ಬಣ್ಣಕ್ಕಿಂತ ಮೊದಲು ನೋಡಬೇಕಾದುದು ಸಡಿಲತೆಯನ್ನು. ಮೈಗೆ ಅಂಟಿಕೊಳ್ಳಬಾರದು ಎಂಬ ಶರೀಅತ್‌ನ ನಿಯಮವೇ ಇಲ್ಲಿ ತಂಪಿನ ನಿಯಮವೂ ಆಯಿತು.

ಇನ್ನು ಪುರುಷರ ವಿಷಯಕ್ಕೆ ಬರೋಣ. ಲಜ್ಜೆಯ ಮಾತು ಬಂದೊಡನೆ ನಾವು ಹೆಂಗಸರ ಕಡೆ ತಿರುಗುತ್ತೇವೆ. ನೂರ್ ಅಧ್ಯಾಯದಲ್ಲಿ ಮೊದಲ ಆದೇಶ ಗಂಡಸರಿಗೇ ಇದೆ.

ಇಹ್ರಾಮಿನಲ್ಲಿ ಗಂಡಸಿಗಿರುವುದು ಎರಡು ತುಂಡು ಬಟ್ಟೆ. ಸೊಂಟಕ್ಕೆ ಇಝಾರ್, ಹೆಗಲಿಗೆ ರಿದಾ. ಕರಾವಳಿಯ ನಮ್ಮವರಿಗೆ ಮುಂಡು ಉಟ್ಟು ಅಭ್ಯಾಸವಿರುವುದರಿಂದ ಇಝಾರ್ ಸುಲಭ; ಪ್ಯಾಂಟಿನಲ್ಲೇ ಬೆಳೆದ ಯುವಕರು ಮೊದಲ ದಿನ ಸೊಂಟ ಹಿಡಿದುಕೊಂಡೇ ನಡೆಯುತ್ತಾರೆ. ಆದರೆ ಮುಂಡಿನವರಿಗೆ ಬೇರೊಂದು ಅಪಾಯವಿದೆ. ಸೆಕೆಯಾದೊಡನೆ, ಮೆಟ್ಟಿಲು ಕಂಡೊಡನೆ, ಕೈ ತಾನಾಗಿಯೇ ಬಟ್ಟೆಯನ್ನು ಮೊಣಕಾಲಿನ ಮೇಲಕ್ಕೆ ಎತ್ತಿ ಕಟ್ಟುತ್ತದೆ! ಹೊಕ್ಕುಳಿನಿಂದ ಮೊಣಕಾಲಿನ ತನಕದ ಭಾಗವನ್ನು ಮುಚ್ಚುವುದು ಗಂಡಸಿನ ಮೇಲೆ ಕಡ್ಡಾಯ. ಇಝಾರನ್ನು ಹೊಟ್ಟೆಯ ಕೆಳಗೆ ಜಾರಿಸಿ ಉಡುವವರೂ ಇದನ್ನು ಗಮನಿಸಬೇಕು. ಅಗಲವಾದ ಬಟ್ಟೆ ಕೊಂಡು, ಒಂದು ಅಂಚು ಇನ್ನೊಂದರ ಮೇಲೆ ಚೆನ್ನಾಗಿ ಬರುವಂತೆ ಸುತ್ತಿ, ಮೇಲೆ ಬೆಲ್ಟು ಕಟ್ಟಿರಿ. ಅದಕ್ಕೆ ಅನುಮತಿಯಿದೆ. ರಿದಾವನ್ನು ಮಾತ್ರ ಪಿನ್ನು ಚುಚ್ಚಿ ಅಂಗಿಯಂತೆ ಮಾಡಿಕೊಳ್ಳಬೇಡಿ. ಹೊರಡುವ ಮೊದಲು ಮನೆಯಲ್ಲೇ ಒಮ್ಮೆ ಉಟ್ಟು, ನೆಲದಲ್ಲಿ ಕುಳಿತು, ಎದ್ದು, ನಾಲ್ಕು ಮೆಟ್ಟಿಲು ಹತ್ತಿ ನೋಡಿರಿ. ಎಲ್ಲಿ ತೆರೆದುಕೊಳ್ಳುತ್ತದೆ ಎಂಬುದು ಆಗ ತಿಳಿಯುತ್ತದೆ.

ಅಂಗಡಿಯವರು ಸಾಮಾನ್ಯವಾಗಿ ಟವೆಲಿನಂತಹ ದಪ್ಪ ಬಟ್ಟೆಯನ್ನು ಕೊಡುತ್ತಾರೆ. ಚಳಿಗಾಲಕ್ಕೆ ಅದು ಒಳ್ಳೆಯದು. ಬೇಸಿಗೆಗೆ ನೇಯ್ದ ಹತ್ತಿಯ ಬಟ್ಟೆಯೇ ಬೇಕು. ಆದರೆ ತೀರಾ ತೆಳುವಾದುದೂ ಬೇಡ. ಬೆವರಿಗೋ ಝಂಝಮ್ ನೀರಿಗೋ ಒದ್ದೆಯಾದರೆ ತೆಳು ಬಿಳಿ ಬಟ್ಟೆಯೊಳಗಿಂದ ಎಲ್ಲವೂ ಕಾಣಿಸುತ್ತದೆ. ಎರಡು ಜೊತೆ ಕೊಂಡೊಯ್ಯಿರಿ. ಇಹ್ರಾಮ್ ಕಟ್ಟಿದ ಬಟ್ಟೆಯನ್ನು ಮುಗಿಯುವ ತನಕ ಬದಲಿಸಬಾರದು ಎಂದು ಎಷ್ಟೋ ಮಂದಿ ತಿಳಿದಿದ್ದಾರೆ. ಇದು ನಿರಾಧಾರ. ಬದಲಿಸಬಹುದು, ಒಗೆಯಬಹುದು. ಸ್ನಾನವನ್ನೂ ಮಾಡಬಹುದು. ಇಹ್ರಾಮಿನಲ್ಲಿರುವವನು ತಲೆ ತೊಳೆಯಬಹುದೇ ಎಂಬ ವಿಷಯದಲ್ಲಿ ಇಬ್ನು ಅಬ್ಬಾಸ್(ರ) ಮತ್ತು ಮಿಸ್ವರ್ ಬಿನ್ ಮಖ್ರಮಾ(ರ) ಅವರ ನಡುವೆ ಭಿನ್ನಾಭಿಪ್ರಾಯ ಬಂದು, ಕೇಳಿ ಬರಲು ಅಬೂ ಅಯ್ಯೂಬ್ ಅನ್ಸಾರಿ(ರ)ರ ಬಳಿಗೆ ಒಬ್ಬರನ್ನು ಕಳುಹಿಸಲಾಯಿತು. ಅವರು ಅದೇ ಹೊತ್ತಿಗೆ ಬಟ್ಟೆಯ ಮರೆಯಲ್ಲಿ ಸ್ನಾನ ಮಾಡುತ್ತಿದ್ದರು. ಮರೆಯ ಬಟ್ಟೆಯನ್ನು ತಲೆ ಕಾಣುವಷ್ಟು ತಗ್ಗಿಸಿ, ನೀರು ಸುರಿಸಿಕೊಂಡು, ಎರಡೂ ಕೈಗಳಿಂದ ತಲೆಯನ್ನು ಉಜ್ಜಿ, ಪ್ರವಾದಿ(ಸ)ರು ಹೀಗೆಯೇ ಮಾಡುವುದನ್ನು ಕಂಡಿದ್ದೇನೆಂದು ತೋರಿಸಿ ಕೊಟ್ಟರು. ಬಿಸಿಲಿಗೆ ತಲೆ ಕಾದಾಗ ನೀರು ಹಾಕಿಕೊಳ್ಳಲು ಹಿಂಜರಿಯುವವರಿಗೆ ಇದಕ್ಕಿಂತ ಸ್ಪಷ್ಟ ಉತ್ತರ ಬೇಕೇ? ಸುವಾಸನೆಯ ಸಾಬೂನು ಮಾತ್ರ ಆಗದು.

ಇಹ್ರಾಮಿನಲ್ಲಿ ಗಂಡಸು ಟೋಪಿ, ರುಮಾಲು ಧರಿಸುವಂತಿಲ್ಲ. ತಲೆಗೆ ತಾಗದ ಕೊಡೆ, ಡೇರೆ, ಬಸ್ಸಿನ ಮಾಡು ಇವುಗಳಿಗೆ ನಮ್ಮ ಕಡೆಯ ಶಾಫಿಈ, ಹನಫೀ ವಿದ್ವಾಂಸರಿಬ್ಬರಲ್ಲೂ ಅನುಮತಿಯಿದೆ. ವಿದಾಯದ ಹಜ್ಜ್‌ನಲ್ಲಿ ಬಿಲಾಲ್(ರ) ಮತ್ತು ಉಸಾಮಾ(ರ)ರಲ್ಲಿ ಒಬ್ಬರು ಒಂಟೆಯ ಹಗ್ಗ ಹಿಡಿದಿದ್ದರೆ, ಇನ್ನೊಬ್ಬರು ಬಟ್ಟೆಯನ್ನೆತ್ತಿ ಪ್ರವಾದಿ(ಸ)ರಿಗೆ ಸೆಕೆಯಿಂದ ನೆರಳು ಮಾಡಿದ್ದರು. ಜಮ್ರತುಲ್ ಅಕಬಾಕ್ಕೆ ಕಲ್ಲೆಸೆದು ಮುಗಿಯುವ ತನಕವೂ. ಇದನ್ನು ಕಣ್ಣಾರೆ ಕಂಡು ಹೇಳಿದವರು ಉಮ್ಮುಲ್ ಹುಸೈನ್(ರ) ಎಂಬ ಮಹಿಳೆ, ಮುಸ್ಲಿಮ್ ಗ್ರಂಥದಲ್ಲಿ ಈ ವರದಿಯಿದೆ. ಬಿಳಿ ಕೊಡೆಯೊಂದು ನಿಮ್ಮ ಚೀಲದಲ್ಲಿರಲಿ. ಬಲ ಹೆಗಲನ್ನು ತೆರೆದಿಡುವ ಇಝ್ತಿಬಾಅ್ ತವಾಫಿಗೆ, ಶಾಫಿಈಗಳ ಪ್ರಕಾರ ಸಈಗೂ ಸಂಬಂಧಿಸಿದ್ದು. ಅದನ್ನೇ ಇಹ್ರಾಮಿನ ಕಾಯಂ ವೇಷವೆಂದು ತಿಳಿದು ದಿನವಿಡೀ ಹೆಗಲು ಸುಟ್ಟುಕೊಳ್ಳುವವರಿದ್ದಾರೆ.

ಹೇಳಲು ನಾಚಿಕೆಪಟ್ಟು ಎಲ್ಲರೂ ಬಚ್ಚಿಡುವ ಒಂದು ತೊಂದರೆಯಿದೆ. ಒಳ ಉಡುಪಿಲ್ಲದೆ ಕಿಲೋಮೀಟರುಗಟ್ಟಲೆ ನಡೆಯುವಾಗ ತೊಡೆಗಳು ಉಜ್ಜಿ ಚರ್ಮ ಕಿತ್ತು ಬರುತ್ತದೆ. ದಪ್ಪ ಮೈಯವರಿಗೆ, ಸಕ್ಕರೆ ಕಾಯಿಲೆಯವರಿಗೆ ಇದು ಸಣ್ಣ ವಿಷಯವಲ್ಲ. ಹೊರಡುವ ಮೊದಲೇ ಸುವಾಸನೆಯಿಲ್ಲದ ವ್ಯಾಸಲಿನ್ ಹಚ್ಚಿಕೊಳ್ಳಿರಿ. ನಮ್ಮಲ್ಲಿ ಸಿಗುವ ಬೆವರುಸಾಲೆ ಪೌಡರುಗಳಲ್ಲಿ ಹೆಚ್ಚಿನವು ಸುಗಂಧ ಸೇರಿದವು, ಇಹ್ರಾಮಿನಲ್ಲಿ ಬಳಸಬಾರದು. ಗಾಯ ವಿಪರೀತವಾಗಿ ಹೊಲಿದ ಉಡುಪು ಧರಿಸದೆ ನಿರ್ವಾಹವಿಲ್ಲ ಎಂದಾದರೆ ಅದಕ್ಕೂ ದಾರಿಯಿದೆ. ತಲೆಯಲ್ಲಿ ಹೇನು ತುಂಬಿ ಕಷ್ಟಪಡುತ್ತಿದ್ದ ಕಅಬ್ ಬಿನ್ ಉಜ್ರಾ(ರ)ರಿಗೆ ಇಹ್ರಾಮಿನಲ್ಲಿ ತಲೆ ಬೋಳಿಸಲು ಪ್ರವಾದಿ(ಸ)ರು ಅನುಮತಿ ನೀಡಿ, ಫಿದ್ಯಾವಾಗಿ ಮೂರು ಉಪವಾಸ, ಅಥವಾ ಆರು ಬಡವರಿಗೆ ಆಹಾರ, ಅಥವಾ ಒಂದು ಆಡನ್ನು ಬಲಿ ಕೊಡಲು ಹೇಳಿದರು. ನಿಮ್ಮ ತಂಡದ ವಿದ್ವಾಂಸರಲ್ಲಿ ಸಂಕೋಚವಿಲ್ಲದೆ ಕೇಳಿರಿ.

ಸಹೋದರಿಯರಿಗೆ ಇಹ್ರಾಮಿನ ಪ್ರತ್ಯೇಕ ಬಟ್ಟೆಯಿಲ್ಲ. ಬಿಳಿಯೇ ಆಗಬೇಕೆಂದಿಲ್ಲ, ಕಪ್ಪೇ ಆಗಬೇಕೆಂದೂ ಇಲ್ಲ. ಮುಖಕ್ಕೆ ನಿಕಾಬ್, ಕೈಗೆ ಗವಸು ಧರಿಸುವಂತಿಲ್ಲ. ಪರಪುರುಷರ ಎದುರು ಮುಖ ಮರೆಸಬೇಕೆನ್ನುವವರು ಬಟ್ಟೆ ಮುಖಕ್ಕೆ ತಾಗದಂತೆ ಇಳಿಬಿಡಬೇಕೆಂದು ಶಾಫಿಈ, ಹನಫೀ ಗ್ರಂಥಗಳಲ್ಲಿದೆ. ನಮ್ಮ ಪೇಟೆಗಳಲ್ಲಿ ಸಿಗುವ ಬುರ್ಖಾಗಳು ಹೆಚ್ಚಾಗಿ ಪಾಲಿಯೆಸ್ಟರ್. ಮಿನುಗುತ್ತವೆ, ಇಸ್ತ್ರಿ ಬೇಡ. ಆದರೆ ಬೆವರು ಹೀರುವುದಿಲ್ಲ. ಅದರೊಳಗೆ ಇನ್ನೊಂದು ನೈಲಾನ್ ಸೀರೆಯೋ ಬಿಗಿಯಾದ ಲೆಗ್ಗಿಂಗೋ ಇದ್ದರೆ ಮೈ ಬೇಯುತ್ತದೆ. ಒಳಗೆ ಸಡಿಲವಾದ ಹತ್ತಿಯ ಚೂಡಿದಾರ್, ಹೊರಗೆ ಹತ್ತಿ ಅಥವಾ ಹತ್ತಿ ಬೆರೆತ ಅಗಲವಾದ ಅಬಾಯಾ, ತಲೆಗೆ ಹತ್ತಿಯ ಮಕ್ಕನ. ಕಸೂತಿ, ಮಣಿಗಳ ಕೆಲಸ ಬೇಡ. ಭಾರವೂ ಹೌದು, ಗಮನ ಸೆಳೆಯುವುದೂ ಹೌದು. ಉದ್ದ ಕಾಲಿನ ಗಂಟಿನ ತನಕ ಇದ್ದರೆ ಸಾಕು, ಕೆಳಗೆ ಹತ್ತಿಯ ಕಾಲುಚೀಲ ಧರಿಸಿರಿ. ನೆಲ ಗುಡಿಸುವಷ್ಟು ಉದ್ದವಿದ್ದರೆ ನೂಕುನುಗ್ಗಲಿನಲ್ಲಿ ಯಾರಾದರೂ ತುಳಿಯುತ್ತಾರೆ, ಎಸ್ಕಲೇಟರ್‌ನಲ್ಲಿ ಸಿಕ್ಕಿಕೊಳ್ಳುವ ಭಯವೂ ಇದೆ. ವಿದೇಶೀ ಪ್ರವಾಸಿ ಮಹಿಳೆಯರಿಗೆ ಅಬಾಯಾ ಕಡ್ಡಾಯವಿಲ್ಲವೆಂದು ಸೌದಿ ಸರಕಾರ 2019ರಲ್ಲಿ ತಿಳಿಸಿದ್ದನ್ನು ಕೆಲವರು ಎತ್ತಿ ಹೇಳುತ್ತಾರೆ. ಅದು ಅಲ್ಲಿನ ಕಾನೂನಿನ ಮಾತು. ಸತ್ಯವಿಶ್ವಾಸಿನಿಯ ಉಡುಪಿನ ಮಾನದಂಡವು ಯಾವುದೇ ಸರಕಾರದ ಆದೇಶದಿಂದ ಬಂದುದಲ್ಲ, ಅದರಿಂದ ಹೋಗುವಂತಹದೂ ಅಲ್ಲ.

ಈಗ ಅತಿ ಮುಖ್ಯವಾದ ವಿಷಯ. ಮಂಗಳೂರಿನ ಸೆಕೆಯಲ್ಲಿ ಬೆವರು ಧಾರೆಯಾಗಿ ಇಳಿಯುತ್ತದೆ, ಜಿದ್ದಾದಲ್ಲೂ ಹಾಗೆಯೇ. ಮಕ್ಕಾ, ಮದೀನಾಗಳ ಗಾಳಿ ಒಣಗಿದ್ದು. ಬೆವರು ಬಂದ ಕೂಡಲೇ ಆರಿ ಹೋಗುವುದರಿಂದ ಮೈಯಿಂದ ಎಷ್ಟು ನೀರು ಹೋಯಿತೆಂದೇ ತಿಳಿಯದು. ಬಾಯಾರಿಕೆಗೆ ಕಾಯದೆ ಕುಡಿಯುತ್ತಿರಬೇಕು. ಜೊತೆಯಲ್ಲಿರುವವರ ಮಾತು ತೊದಲಿದರೆ, ಅಸಂಬದ್ಧವಾಗಿ ಮಾತನಾಡಿದರೆ, ಮೈ ಕೆಂಡದಂತೆ ಸುಡುತ್ತಿದ್ದರೆ ಅದು ಉಷ್ಣಾಘಾತ. ಕೂಡಲೇ ನೆರಳಿಗೆ ಒಯ್ದು, ಬಟ್ಟೆ ಸಡಿಲಿಸಿ, ಮೈಮೇಲೆ ನೀರು ಹಾಕಿ ಗಾಳಿ ಬೀಸಬೇಕು. 997ಕ್ಕೆ ಕರೆ ಮಾಡಿದರೆ ರೆಡ್ ಕ್ರೆಸೆಂಟ್‌ನ ಆಂಬುಲೆನ್ಸ್ ಬರುತ್ತದೆ. ಕುಸಿದು ಬಿದ್ದವರು ಮಹಿಳೆಯಾದರೆ ನಮ್ಮವರು ಅಬಾಯಾ, ಮಕ್ಕನ ಸಡಿಲಿಸಲು ಹಿಂಜರಿಯುತ್ತಾರೆ, ಒದ್ದೆ ಮಾಡಲು ಅಂಜುತ್ತಾರೆ. ಆ ಹಿಂಜರಿಕೆಯ ಹತ್ತು ನಿಮಿಷ ಒಂದು ಜೀವವನ್ನು ಬಲಿ ತೆಗೆದುಕೊಳ್ಳಬಹುದು. ಅನಿವಾರ್ಯತೆಯು ನಿಷಿದ್ಧವನ್ನು ಸಮ್ಮತಗೊಳಿಸುತ್ತದೆ ಎಂಬುದು ಫಿಕ್‌ಹ್‌ನ ಮೂಲ ನಿಯಮ. ಪ್ರಾಣದ ರಕ್ಷಣೆ ಇಲ್ಲಿ ಕಡ್ಡಾಯ, ವೈದ್ಯರು ಗಂಡಸಾಗಿದ್ದರೂ ಅಷ್ಟೇ. ನಾಲ್ಕು ಹೆಂಗಸರು ಶಾಲು ಹಿಡಿದು ಮರೆ ಮಾಡಲಿ, ಒಳಗೆ ಕೆಲಸ ನಡೆಯಲಿ. ಈ ಮಾತನ್ನು ಹೊರಡುವ ಮುನ್ನವೇ ಗಂಡ ಹೆಂಡಿರು, ಅಪ್ಪ ಮಕ್ಕಳು ಪರಸ್ಪರ ಹೇಳಿಕೊಂಡಿರಬೇಕು. ಹೊತ್ತಿಗೆ ಬಂದಾಗ ಚರ್ಚೆ ಮಾಡಲು ಸಮಯವಿರುವುದಿಲ್ಲ.

ಕೊನೆಯದಾಗಿ ಕಾಲಿನ ಬಗ್ಗೆ ಎರಡು ಮಾತು. ಮತಾಫಿನ ಬಿಳಿ ಅಮೃತಶಿಲೆ ಗ್ರೀಸ್ ದೇಶದ ಥಾಸೋಸ್ ದ್ವೀಪದ್ದು, ಬಿಸಿಲಿನಲ್ಲೂ ತಂಪಾಗಿರುತ್ತದೆ. ಅಲ್ಲಿ ಬರಿಗಾಲು ಸಾಕು. ಆದರೆ ಹೊರಗೆ ರಸ್ತೆಗೆ ಕಾಲಿಟ್ಟರೆ ಅಂಗಾಲು ಬೊಬ್ಬೆಯೇಳುತ್ತದೆ. ಚಪ್ಪಲಿಯನ್ನು ಬಾಗಿಲಲ್ಲಿ ಬಿಟ್ಟು, ಬೇರೆ ಬಾಗಿಲಿನಿಂದ ಹೊರಬಂದು, ಸುಡುವ ನೆಲದಲ್ಲಿ ಕುಣಿಯುವವರು ಪ್ರತಿ ಲುಹ್ರ್‌ನ ಬಳಿಕ ಕಾಣ ಸಿಗುತ್ತಾರೆ. ಬಟ್ಟೆಯ ಚೀಲವೊಂದರಲ್ಲಿ ಚಪ್ಪಲಿಯನ್ನು ಹೆಗಲಿಗೇರಿಸಿಕೊಂಡೇ ಒಳಗೆ ಹೋಗಿರಿ. ಗಂಡಸರಿಗೆ ಬೆರಳು, ಹಿಮ್ಮಡಿ ತೆರೆದಿರುವ ಚಪ್ಪಲಿಯಾಗಿರಲಿ, ಹೊಸತಾಗಿದ್ದರೆ ಊರಿನಲ್ಲೇ ಹದಿನೈದು ದಿನ ಮೆಟ್ಟಿ ಪಳಗಿಸಿರಿ. ಅದೇ ಚೀಲದಲ್ಲಿ ಹೆಂಗಸರು ಒಂದು ದಪ್ಪ ಶಾಲನ್ನೂ ಇಟ್ಟುಕೊಳ್ಳಲಿ. ಹೊರಗೆ ಬೆಂಕಿಯಾದರೆ ಬಸ್ಸು ಮತ್ತು ಕೋಣೆಗಳ ಎ.ಸಿ.ಯಲ್ಲಿ ಹಲ್ಲು ಕಟಕಟಿಸುತ್ತದೆ.