ಲಸಿಕೆಯನ್ನು ದೂರುವ ಮೊದಲು ಹಿಂಡಿ ಚೀಲ ಬಿಚ್ಚಿ ನೋಡಿ

ಆವನಿ, ಮುಳಬಾಗಿಲು ಕಡೆ ಕಡಲೆಕಾಯಿ ಕೀಳುವ ಹೊತ್ತಿಗೇ ಒಮ್ಮೊಮ್ಮೆ ಬಂಗಾಳ ಕೊಲ್ಲಿಯ ತುಫಾನು ಮಳೆ ಹಿಡಿದುಕೊಳ್ಳುತ್ತದೆ. ಕಾಯಿ, ಮುಸುಕಿನ ಜೋಳ ಎರಡೂ ಸರಿಯಾಗಿ ಒಣಗುವುದಿಲ್ಲ. ಬೂಷ್ಟು ಹಿಡಿದದ್ದು ಅಗ್ಗಕ್ಕೆ ಸಿಕ್ಕು ಹಂದಿಗೂಡು ಸೇರುತ್ತದೆ. ಹಂದಿ ಏನು ತಿಂದರೂ ಅರಗಿಸಿಕೊಳ್ಳುತ್ತದೆ ಎಂಬ ನಂಬಿಕೆ ಬಿಡಿ. ಬೂಷ್ಟಿನ ವಿಷವಾದ ಅಫ್ಲಾಟಾಕ್ಸಿನ್‌ಗೆ ದೊಡ್ಡ ದನಕ್ಕಿಂತ ಹಂದಿಮರಿ ಬೇಗ ಸೋಲುತ್ತದೆ. 1960ರಲ್ಲಿ ಇಂಗ್ಲೆಂಡಿನಲ್ಲಿ ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಸತ್ತು ಈ ವಿಷ ಪತ್ತೆಯಾದದ್ದೂ ಕಡಲೆಕಾಯಿ ಹಿಂಡಿಯಿಂದಲೇ.

ವಿಷ ಕರುಳಿನಿಂದ ರಕ್ತದೊಡನೆ ನೇರ ಲಿವರ್‌ಗೆ ಹೋಗುತ್ತದೆ. ಅದನ್ನು ಕರಗಿಸಲು ಹೊರಟ ಲಿವರ್‌ನ ಕಿಣ್ವಗಳೇ ಅದನ್ನು ಇನ್ನಷ್ಟು ಉಗ್ರರೂಪಕ್ಕೆ ತಿರುಗಿಸುತ್ತವೆ. ಅದು ಜೀವಕೋಶದ ಡಿಎನ್‌ಎಗೆ ಅಂಟಿಕೊಳ್ಳುತ್ತದೆ. ರೋಗಾಣುಗಳನ್ನು ನುಂಗುವ ಕುಪ್ಫರ್ ಕೋಶಗಳು ಇರುವುದೂ, ರೋಗದ ವಿರುದ್ಧ ಹೋರಾಡುವ ಹಲವು ಪ್ರೋಟೀನ್‌ಗಳು ತಯಾರಾಗುವುದೂ ಲಿವರ್‌ನಲ್ಲೇ. ಅದು ಕೆಟ್ಟರೆ ಲಸಿಕೆ ಹಾಕಿಸಿದರೂ ರಕ್ಷಣೆ ಸಾಲದೆ ಹೋಗಬಹುದು. ಮೊದಮೊದಲು ಕಾಣುವುದು ಇಷ್ಟೇ: ತೂಕ ಏರುವುದಿಲ್ಲ, ಕೂದಲು ಒರಟಾಗುತ್ತದೆ, ತಿನ್ನುವುದು ಕಡಿಮೆಯಾಗುತ್ತದೆ. ಕಾಮಾಲೆ ಬರುವ ಹೊತ್ತಿಗೆ ತಡವಾಗಿರುತ್ತದೆ.

ಈಗ ಮಾಡಬೇಕಾದ್ದು.

ಮೊದಲು ತೇವ ನೋಡಿ. ಒಣಗಿದ ಗಾಜಿನ ಬಾಟಲಿಗೆ ಒಂದು ಹಿಡಿ ಜೋಳ, ಎರಡು ಚಮಚ ಹುರಿದು ಆರಿಸಿದ ಉಪ್ಪು ಹಾಕಿ ಚೆನ್ನಾಗಿ ಕುಲುಕಿ. ಉಪ್ಪು ಗಾಜಿಗೆ ಅಂಟಿದರೆ ತೇವ ಶೇ 15ಕ್ಕಿಂತ ಹೆಚ್ಚು. ಅಂಟದಿದ್ದರೂ ಇನ್ನೊಂದೆರಡು ಬಿಸಿಲು ಕಾಯಿಸಿ, ಶೇ 13ಕ್ಕೆ ಇಳಿಯಬೇಕು. ಒಣಗಿಸುವುದು ಟಾರ್ಪಾಲಿನ ಮೇಲೆ, ಬರಿನೆಲ ಬೇಡ.

ಚೀಲಗಳನ್ನು ಮರದ ಹಲಗೆ ಮೇಲೆ, ಗೋಡೆಗೆ ತಾಗದಂತೆ ಪೇರಿಸಿ. ಹಳೆಯದು ಮೊದಲು ಖಾಲಿಯಾಗಲಿ.

ಅನುಮಾನ ಬಂದರೆ ಕಣ್ಣನ್ನು ನಂಬಬೇಡಿ. ಬೂಷ್ಟು ಕಾಣದ ಕಾಳಿನಲ್ಲೂ ವಿಷ ಇರಬಹುದು, ಒಂದೇ ಚೀಲದ ಒಂದು ಮೂಲೆಯಲ್ಲಷ್ಟೇ ಇರಲೂಬಹುದು. ಹಲವು ಚೀಲಗಳ ಮೇಲೆ, ನಡುವೆ, ತಳದಿಂದ ತೆಗೆದು ಬೆರೆಸಿ, ಕಾಗದದ ಚೀಲದಲ್ಲಿ ಹಾಕಿ ಪಶು ಆಸ್ಪತ್ರೆಯ ವೈದ್ಯರ ಮೂಲಕ ಪ್ರಯೋಗಾಲಯಕ್ಕೆ ಕಳುಹಿಸಿ. ವರದಿ ಬರುವವರೆಗೆ ಆ ತಿನಿಸು ನಿಲ್ಲಲಿ. ಹಂದಿಜ್ವರದ ಲಸಿಕೆಯ ಆಸುಪಾಸಿನಲ್ಲಂತೂ ಒಳ್ಳೆಯ ತಿನಿಸನ್ನೇ ಕೊಡಿ.

ಬೇಯಿಸಿ ಕೊಟ್ಟರಾಯಿತು ಎನ್ನುವವರಿದ್ದಾರೆ. ಬೇಯಿಸಿದರೆ ಬೂಷ್ಟು ಸಾಯುತ್ತದೆ, ವಿಷ ಉಳಿಯುತ್ತದೆ. ಅಂಗಡಿಯಲ್ಲಿ ಸಿಗುವ ಬೆಂಟೊನೈಟ್ ಜೇಡಿಯ ಪುಡಿ ಅಫ್ಲಾಟಾಕ್ಸಿನ್ನನ್ನು ಕರುಳಿನಲ್ಲೇ ಹಿಡಿದಿಡುತ್ತದೆ, ನಿಜ. ಆದರೆ ಜೋಳದಲ್ಲಿ ಬರುವ ಇನ್ನೊಂದು ಬೂಷ್ಟಿನ ವಿಷವಾದ ಫ್ಯುಮೋನಿಸಿನ್ ಮುಂದೆ ಅದರ ಆಟ ಅಷ್ಟಾಗಿ ನಡೆಯದು. ಪ್ರಮಾಣವನ್ನು ವೈದ್ಯರೇ ಹೇಳಲಿ.

ಹಂದಿಗೆ ಬೇಡವಾದದ್ದನ್ನು ಹಸುವಿಗೆ ಹಾಕುವುದು ಇನ್ನೂ ಅಪಾಯ. ಹಾಲಿನ ಜಿಲ್ಲೆ ನಮ್ಮದು. ವಿಷ ಒಂದೇ ದಿನದಲ್ಲಿ ಹಾಲಿಗೆ ಇಳಿಯುತ್ತದೆ. ಹಾಲಿನಲ್ಲಿ ಅದಕ್ಕೆ ಕಾನೂನು ಇಟ್ಟಿರುವ ಮಿತಿ ಕಿಲೋಗೆ 0.5 ಮೈಕ್ರೋಗ್ರಾಂ ಮಾತ್ರ. ಕೆಟ್ಟ ಚೀಲವನ್ನು ಮಾರಬೇಡಿ, ಒಳ್ಳೆಯದರೊಡನೆ ಬೆರೆಸಬೇಡಿ. ಬಾವಿಯಿಂದ ದೂರ ಆಳವಾಗಿ ಹೂಳಿ, ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಂಡು.