ಪರನಾಡಿನ ವಿದ್ಯಾರ್ಥಿಗೆ ಸ್ನೇಹದ ಪಾಠ



ಮಗನೋ ಮಗಳೋ ಓದಲು ಪರದೇಶಕ್ಕೆ ಹೊರಟರೆ ಪೆಟ್ಟಿಗೆಯಲ್ಲಿ ಏನೇನು ಇಟ್ಟು ಕಳಿಸುತ್ತೀರಿ? ಮುಸಲ್ಲಾ, ಕುರ್‌ಆನ್, ಉಪ್ಪಿನಕಾಯಿ, ಶೇಂಗಾ ಚಟ್ನಿ. ಜೊತೆಗೆ, "ಯಾರೊಂದಿಗೂ ಹೆಚ್ಚು ಬೆರೆಯಬೇಡ" ಎಂಬ ಬುದ್ಧಿಮಾತು. ಇಷ್ಟು ಸಾಕೇ?

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಕಡೆಯ ಮನೆಗಳಿಗೂ ಇಂದು ವಿದೇಶದ ಕಾಲೇಜು ಕೇಳರಿಯದ ಮಾತಲ್ಲ. ವಿದೇಶದಲ್ಲಿ ವೈದ್ಯಕೀಯ ಓದುವವರು 2021ರ ನಿಯಮದಂತೆ ಕನಿಷ್ಠ 54 ತಿಂಗಳು ಓದಿ, ಅದೇ ಸಂಸ್ಥೆಯಲ್ಲಿ 12 ತಿಂಗಳು ಇಂಟರ್ನ್‌ಶಿಪ್ ಮಾಡಬೇಕು. ಒಟ್ಟು ಐದೂವರೆ ವರ್ಷ! ಪಾಠ ಇಂಗ್ಲಿಷಿನಲ್ಲಿದ್ದರೂ ರೋಗಿ ತನ್ನ ನೋವನ್ನು ಹೇಳಿಕೊಳ್ಳುವುದು ತಾಯ್ನುಡಿಯಲ್ಲೇ. ಅಷ್ಟು ಕಾಲ ಯಾರೊಂದಿಗೂ ಬೆರೆಯದೆ ಬದುಕುವುದು ಹೇಗೆ?

2022ರ ಮಾರ್ಚ್ 1ರಂದು ಉಕ್ರೇನಿನ ಖಾರ್ಕಿವ್‌ನಲ್ಲಿ ಆಹಾರ ಸಾಮಗ್ರಿಗಾಗಿ ಸಾಲಿನಲ್ಲಿ ನಿಂತಿದ್ದ ವೈದ್ಯಕೀಯ ವಿದ್ಯಾರ್ಥಿಯೊಬ್ಬ ದಾಳಿಗೆ ಬಲಿಯಾದುದು ನಿಮಗೆ ನೆನಪಿರಬಹುದು. ಆತ ತುಂಗಭದ್ರೆಯ ಆಚೆಯ, ರಾಣೆಬೆನ್ನೂರು ತಾಲೂಕಿನ ಚಳಗೇರಿಯವನು. ಅಂತಹ ಸಂಕಟದಲ್ಲಿ ತಂದೆ-ತಾಯಿ ಸಾವಿರಾರು ಮೈಲಿ ದೂರ. ಪಕ್ಕದ ಕೋಣೆಯವನೇ ಬಂಧು.

ನನ್ನದೇ ಒಂದು ತಪ್ಪನ್ನು ಹೇಳುತ್ತೇನೆ. ಹದಿನಾಲ್ಕರ ಹರೆಯದಲ್ಲಿ ಹಗರಿಬೊಮ್ಮನಹಳ್ಳಿಯಿಂದ ಉತ್ತರ ಭಾರತದ ಒಂದು ಮದ್ರಸಕ್ಕೆ ಹೋದೆ. ದೇಶ ನಮ್ಮದೇ ಆದರೂ ನನಗೆ ಅದು ಪರದೇಶವೇ ಆಗಿತ್ತು. ನನ್ನ ದಖನಿಯ "ನಕ್ಕೋ", "ಹೌ" ಕೇಳಿ ಸಹಪಾಠಿಗಳು ನಗುತ್ತಿದ್ದರು. ತಿಂಗಳುಗಟ್ಟಲೆ ಬಾಯಿ ಮುಚ್ಚಿಕೊಂಡಿದ್ದೆ. ಆಗ ಬಂಗಾಳದ ಒಬ್ಬ ಹುಡುಗ ಬಂದು ಸೇರಿದ. ಅವನ ಉರ್ದು ನನ್ನದಕ್ಕಿಂತ ತೊದಲು. ನನ್ನನ್ನು ಕಂಡು ನಕ್ಕವರ ಜೊತೆ ಸೇರಿ ನಾನೂ ಅವನನ್ನು ಕಂಡು ನಕ್ಕೆ!

ಕೆಲವೇ ದಿನಗಳಲ್ಲಿ ನನಗೆ ಜ್ವರ ಬಂತು. ಗಂಜಿ ತಂದುಕೊಟ್ಟವನು ಅದೇ ಹುಡುಗ. ನಾಚಿ ಕ್ಷಮೆ ಕೇಳಿದೆ. "ಊಟಕ್ಕೆ ಕರೆಯುವಾಗ ನಿನ್ನ ಭಾಷೆಯಲ್ಲಿ ಏನೆನ್ನುತ್ತಾರೆ?" ಎಂದಷ್ಟೇ ಕೇಳಿದ. ಅಂದಿನಿಂದ ಪ್ರತಿ ರಾತ್ರಿ, "ಊಟ ಆಯ್ತಾ?" ಎಂದು ಕೇಳಿಯೇ ಅವನು ಮಲಗುತ್ತಿದ್ದ. ಆ ಊರಿನಲ್ಲಿ ಕನ್ನಡದಲ್ಲಿ ನನ್ನನ್ನು ವಿಚಾರಿಸಿದವನು ಅವನೊಬ್ಬನೇ.

ಮುಂದೆ ಅಲ್ ಹುಜುರಾತ್ ಅಧ್ಯಾಯವನ್ನು ಓದುವಾಗ ಈ ಘಟನೆಯ ಅರ್ಥ ಹೊಳೆಯಿತು. ಮಾನವರು ಜನಾಂಗ, ಗೋತ್ರಗಳಾಗಿರುವುದು ಪರಸ್ಪರ ಪರಿಚಯಕ್ಕಾಗಿ ಎಂದು 13ನೆಯ ಸೂಕ್ತವು ತಿಳಿಸುತ್ತದೆ. ಆದರೆ ಅದಕ್ಕೂ ಮೊದಲೇ, 11ನೆಯ ಸೂಕ್ತದಲ್ಲಿ ಒಬ್ಬರು ಇನ್ನೊಬ್ಬರನ್ನು ಪರಿಹಾಸ್ಯ ಮಾಡುವುದನ್ನು ನಿಷೇಧಿಸಲಾಗಿದೆ. ಪರಿಹಾಸ್ಯ ನಿಲ್ಲದೆ ಪರಿಚಯ ಆರಂಭವಾಗದು.

ನಮ್ಮ ಮುಂದೆ ಎರಡು ಆದರ್ಶಗಳಿವೆ.

ಒಂದು, ಅವರ ಭಾಷೆಯನ್ನು ಕಲಿಯುವುದು. ಪ್ರವಾದಿವರ್ಯರ(ಸ) ಆದೇಶದಂತೆ ಹ. ಝೈದ್ ಬಿನ್ ಸಾಬಿತ್(ರ) ಯಹೂದಿಯರ ಬರಹವನ್ನು ಸುಮಾರು ಅರ್ಧ ತಿಂಗಳಲ್ಲಿ ಕಲಿತರೆಂದು ತಿರ್ಮಿದಿಯಲ್ಲಿ ವರದಿಯಾಗಿದೆ. ಹೋದ ದೇಶದ ಹತ್ತು ಪದಗಳನ್ನಾದರೂ ಮೊದಲ ವಾರದಲ್ಲೇ ಕಲಿಯುವುದು ನಮ್ಮ ಮಕ್ಕಳಿಗೆ ಕಷ್ಟವೇ?

ಎರಡು, ತನ್ನತನವನ್ನು ಮುಚ್ಚಿಡದಿರುವುದು. ಮಕ್ಕಾದಿಂದ ಅಬಿಸೀನಿಯಾಕ್ಕೆ ವಲಸೆ ಹೋದವರ ಪರವಾಗಿ ಹ. ಜಅಫರ್(ರ) ಅಲ್ಲಿನ ಕ್ರೈಸ್ತ ದೊರೆ ನಜ್ಜಾಶಿಯ ಮುಂದೆ ನಿಂತರು. ಈಸಾರ(ಅ) ಬಗ್ಗೆ ಪ್ರಶ್ನೆ ಬಂದಾಗ ದೊರೆಯನ್ನು ಮೆಚ್ಚಿಸಲು ಮಾತು ತಿರುಚಲಿಲ್ಲ, ಒರಟಾಗಿಯೂ ಆಡಲಿಲ್ಲ. ಅವರಿಗೆ ಆಶ್ರಯ ದೊರೆಯಿತು. "ನಾನು ಹಲಾಲ್ ಊಟ ಮಾತ್ರ ಮಾಡುತ್ತೇನೆ, ಈ ಹೊತ್ತಿಗೆ ನಮಾಝ್ ಇದೆ" ಎಂದು ಮೊದಲ ದಿನವೇ ನಗುಮುಖದಿಂದ ಹೇಳಿದರೆ ಗೆಳೆಯನಿಗೂ ಗೊಂದಲವಿಲ್ಲ, ನಮಗೂ ಸಂಕೋಚವಿಲ್ಲ. ಹಾಗೆಯೇ ಅವನ ಊಟ, ಹಬ್ಬ, ರೂಢಿಗಳ ಬಗ್ಗೆ ಹೀಯಾಳಿಸುವ ಮಾತು ಸಲ್ಲದು.

ಹೆತ್ತವರೇ, ಈ ಪಾಠಕ್ಕೆ ವಿಮಾನ ಹತ್ತಬೇಕಾಗಿಲ್ಲ. ಮನೆಯಲ್ಲಿ ಉರ್ದು, ಶಾಲೆಯಲ್ಲಿ ಕನ್ನಡ, ಕೂಡ್ಲಿಗಿಯ ಕಡೆ ತೆಲುಗು, ಹರಪನಹಳ್ಳಿಯ ತಾಂಡಾಗಳಲ್ಲಿ ಲಂಬಾಣಿ. ನಿಮ್ಮ ಮಗು ತಾಂಡಾದಿಂದ ಬರುವ ಸಹಪಾಠಿಯ ಮಾತನ್ನು ಅಣಕಿಸಿದಾಗ ನೀವೂ ನಗುತ್ತೀರಾ, ತಿದ್ದುತ್ತೀರಾ? ಇಂದು ಅಂಗಳದಲ್ಲಿ ಕಲಿತದ್ದನ್ನೇ ಅದು ನಾಳೆ ಹಾಸ್ಟೆಲಿಗೆ ಒಯ್ಯುತ್ತದೆ.

ಭಾಷೆ ಮತ್ತು ಬಣ್ಣಗಳ ವೈವಿಧ್ಯದಲ್ಲಿ ತನ್ನ ನಿದರ್ಶನಗಳನ್ನಿರಿಸಿದ ಅಲ್ಲಾಹನು ಅವನ್ನು ಗೌರವಿಸುವ ಮನಸ್ಸನ್ನು ನಮಗೂ ನಮ್ಮ ಮಕ್ಕಳಿಗೂ ಕರುಣಿಸಲಿ. ಆಮೀನ್.