ಪಾದರಸ ಕಾದಾಗ ಏನಾಗುತ್ತದೆ?

Hg ಎಂಬ ಸಂಕೇತದಿಂದ ಬರೆಯುವ ಪಾದರಸದ ಪರಮಾಣು ಸಂಖ್ಯೆ 80. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ದ್ರವವಾಗಿರುವ ಏಕೈಕ ಲೋಹವಿದು.

ಮುಖ್ಯಾಂಶಗಳು

- ದ್ರವನಬಿಂದು: ಸುಮಾರು -39 ಡಿಗ್ರಿ, ಕುದಿಯುವ ಬಿಂದು: ಸುಮಾರು 357 ಡಿಗ್ರಿ ಸೆಲ್ಸಿಯಸ್.
- ಹಿಗ್ಗುವಿಕೆ: ಕಾದಂತೆ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಹಿಗ್ಗುತ್ತದೆ, ಗಾಜಿಗೆ ಅಂಟುವುದಿಲ್ಲ. ಉಷ್ಣಮಾಪಕಕ್ಕೆ ಬಳಸಲು ಇವೇ ಕಾರಣ.
- ಆಕ್ಸೈಡ್: ಗಾಳಿಯಲ್ಲಿ 350 ಡಿಗ್ರಿಯ ಆಸುಪಾಸಿನಲ್ಲಿ ಬಹಳ ಹೊತ್ತು ಕಾಯಿಸಿದರೆ ಕೆಂಪು ಮರ್ಕ್ಯುರಿಕ್ ಆಕ್ಸೈಡ್ ಉಂಟಾಗುತ್ತದೆ.
- ವಿಭಜನೆ: ಈ ಕೆಂಪು ಪುಡಿಯನ್ನು ಇನ್ನೂ ಹೆಚ್ಚು, ಸುಮಾರು 500 ಡಿಗ್ರಿಗೆ, ಕಾಯಿಸಿದರೆ ಪಾದರಸ ಮತ್ತು ಆಮ್ಲಜನಕವಾಗಿ ಬೇರ್ಪಡುತ್ತದೆ. 1774ರ ಆಗಸ್ಟ್ 1ರಂದು ವಿಜ್ಞಾನಿ ಜೋಸೆಫ್ ಪ್ರೀಸ್ಟ್ಲಿ ಭೂತಕನ್ನಡಿಯಿಂದ ಸೂರ್ಯನ ಬಿಸಿಲನ್ನು ಇದರ ಮೇಲೆ ಕೇಂದ್ರೀಕರಿಸಿ ಆಮ್ಲಜನಕ ಪಡೆದರು. ರಸಾಯನವಿಜ್ಞಾನಿ ಲಾವೋಸಿಯೆ ಆಕ್ಸೈಡ್ ಉಂಟಾಗುವುದು, ಅದು ವಿಭಜನೆಯಾಗುವುದು ಎಂಬ ಎರಡೂ ಕ್ರಿಯೆಗಳನ್ನು ಮಾಡಿ ತೋರಿಸಿದರು.
- ಅದಿರು: ಸಿನಬಾರ್. ಗಾಳಿಯಲ್ಲಿ ಹುರಿದಾಗ ಪಾದರಸದ ಆವಿ ಹೊರಬರುತ್ತದೆ. ಅದನ್ನು ತಂಪಾಗಿಸಿ ಲೋಹ ಪಡೆಯುತ್ತಾರೆ.

ಎಚ್ಚರಿಕೆ: ಪಾದರಸದ ಆವಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ನರಮಂಡಲಕ್ಕೆ ವಿಷ. ಮನೆಯಲ್ಲಿ ಎಂದೂ ಕಾಯಿಸಬಾರದು. ಪಾದರಸ ಬಳಕೆ ನಿಯಂತ್ರಿಸುವ ಮಿನಮಾಟ ಒಪ್ಪಂದ 2017ರಲ್ಲಿ ಜಾರಿಗೆ ಬಂತು.

ನೆನಪಿಡಿ: ಕಾಯಿಸಿದರೆ ಆಕ್ಸೈಡ್, ಇನ್ನಷ್ಟು ಕಾಯಿಸಿದರೆ ಮತ್ತೆ ಪಾದರಸ.